ಕಾರವಾರದಲ್ಲಿ ಎರಡು ದಿನದ ರೈಫಲ್ ತರಬೇತಿ: ಮೊದಲ ಸಲ ಹೋಗುವವಳಿಗೆ ನಾಲ್ಕು ಪ್ರಶ್ನೆ

ತೋಟದಂಚು, ಶಿರಸಿ

ಬರುವ ಶನಿವಾರ-ಭಾನುವಾರ ಕಾರವಾರದಲ್ಲಿ ನಾಗರಿಕರ ಬಂದೂಕು ತರಬೇತಿಗೆ ಹೆಸರು ಕೊಟ್ಟಿದ್ದೇನೆ. .22 ರೈಫಲ್, 25 ಮೀಟರ್, ಮಲಗಿ ಹೊಡೆಯುವುದು. ಎರಡನೇ ದಿನ ಮಧ್ಯಾಹ್ನ 50 ಮೀಟರ್ ಗುರಿಯೂ ಉಂಟಂತೆ. ಇದುವರೆಗೆ ಬಂದೂಕು ಮುಟ್ಟಿದವಳಲ್ಲ. ತಿಳಿದವರು ಹೇಳಿ:

ಬರೆಯುವುದು, ಉಣ್ಣುವುದು ಎಲ್ಲ ಬಲಗೈ. ಆದರೆ ಎಡಗಣ್ಣು ಜೋರು ಅಂತ ಕಣ್ಣಿನ ಡಾಕ್ಟರು ಹೇಳಿದ್ದಾರೆ. ಕನ್ನಡಕ ಮೈನಸ್ 2.5. ಯಾವ ಭುಜಕ್ಕೆ ಇಟ್ಟು ಹೊಡೆಯಬೇಕು?

ಏನು ಉಟ್ಟುಕೊಂಡು ಹೋಗಬೇಕು, ಏನೇನು ಒಯ್ಯಬೇಕು?

ಮಂಗ ಓಡಿಸಲು ಮನೆಯಲ್ಲಿ ಮಡಚುವ ಸ್ಪ್ರಿಂಗ್ ಏರ್‌ಗನ್ ಇದೆ. ಗುಂಡು ಹಾಕದೆ ಬರೇ ಟ್ರಿಗರ್ ಎಳೆದು ಈ ವಾರ ಅಭ್ಯಾಸ ಮಾಡಿದರೆ ಉಪಯೋಗ ಆದೀತೇ?

ಮಾವನ ಹೆಸರಿನಲ್ಲಿ ಬೆಳೆ ರಕ್ಷಣೆಯ ಕೇಪಿನ ಕೋವಿ ಇದೆ. ಅವರಿಗೆ ವಯಸ್ಸಾಯಿತು, ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸುವ ವಿಚಾರ. ಈ ತರಬೇತಿ ಅದಕ್ಕೆ ಬರುತ್ತದೆಯೇ?

ಸದಾಶಿವಗಡ

ಮೂರನೆಯದಕ್ಕೆ ಮೊದಲು ಉತ್ತರ, ಯಾಕೆಂದರೆ ಇವತ್ತೇ ಶುರುಮಾಡಿಬಿಟ್ಟೀರಿ: ಬೇಡ. ಸ್ಪ್ರಿಂಗ್ ಏರ್‌ಗನ್ನಿನಲ್ಲಿ ಪಿಸ್ಟನ್ ಮುಂದೆ ನುಗ್ಗುವಾಗ ಅದರ ಹೊಡೆತ ತಡೆಯುವುದು ಪೆಲೆಟ್ಟಿನ (ಏರ್‌ಗನ್ನಿನ ಸಣ್ಣ ಗುಂಡು) ಹಿಂದೆ ಒತ್ತಿಕೊಂಡ ಗಾಳಿ. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ ನೇರ ಸಿಲಿಂಡರಿನ ತುದಿಗೆ ಬಡಿಯುತ್ತದೆ. ಸೀಲ್ ಹರಿಯುತ್ತದೆ, ಸ್ಪ್ರಿಂಗೂ ಕೆಡುತ್ತದೆ. ಅಷ್ಟೇ ಅಲ್ಲ, ಆ ಬಂದೂಕಿನ ಟ್ರಿಗರ್ ಒರಟು, ಗುಂಡು ನಳಿಕೆ ಬಿಡುವ ಮೊದಲೇ ಎರಡು ಕಡೆ ಕುಲುಕುತ್ತದೆ. ಅಲ್ಲಿ ಕಲಿತದ್ದನ್ನು .22ಗೆ ಬಂದು ಮರೆಯಬೇಕಾಗುತ್ತದೆ. ಮನೆಯಲ್ಲಿ ಮಾಡುವುದಿದ್ದರೆ ಚಾಪೆ ಹಾಸಿ, ಮೊಣಕೈ ಊರಿ, ಎದೆ ಎತ್ತಿ ದಿನಕ್ಕೆ ಹತ್ತು ನಿಮಿಷ ಮಲಗಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಹೊಸಬರ ಕುತ್ತಿಗೆ, ಮೊಣಕೈ ಸೋಲುತ್ತವೆ. ಗುರಿ ಕೆಡುವುದು ಅಲ್ಲಿಂದಲೇ.

ಉಡುಪು: ತುಂಬುತೋಳಿನ ಹತ್ತಿ ಅಂಗಿ ಅಥವಾ ಕುರ್ತಾ, ಕುತ್ತಿಗೆಯ ಗುಂಡಿ ಹಾಕುವಂಥದ್ದು. ಪಕ್ಕದವರ ರೈಫಲ್ಲಿನಿಂದ ಹಾರುವ ಖೋಕಾ (ಹಾರಿಸಿದ ತೋಟೆಯ ಖಾಲಿ ಕವಚ) ಬಿಸಿ ಇರುತ್ತದೆ. ಕೊರಳೊಳಗೆ ಬಿದ್ದರೆ ಮನುಷ್ಯ ಕೈಯಲ್ಲಿ ಬಂದೂಕು ಇರುವುದನ್ನೇ ಮರೆತು ತಿರುಗುತ್ತಾನೆ, ಅಪಾಯ ಸುಟ್ಟ ಗಾಯಕ್ಕಿಂತ ಅದು. ದುಪಟ್ಟಾ, ಸೀರೆ ಬೇಡ, ಪ್ಯಾಂಟು ಅಡ್ಡಿಲ್ಲ. ಮುಂಚಾಚು ಇರುವ ಟೊಪ್ಪಿ, ಬೆರಳು ಮುಚ್ಚುವ ಶೂ. ಮೊಣಕೈಗೆ ದಪ್ಪ ಬಟ್ಟೆಯ ತುಂಡು ಅಥವಾ ಗೋಣಿಚೀಲ. ಕೆಂಪು ಕಲ್ಲಿನ ನೆಲದ ಮೇಲೆ ತೆಳ್ಳಗಿನ ಚಾಪೆ ಏನೂ ಸಾಲದು. ನೀರು ಎರಡು ಲೀಟರ್, ಮಜ್ಜಿಗೆ ಇದ್ದರೆ ಇನ್ನೂ ಒಳ್ಳೆಯದು.

ಕಿವಿಗೆ ಫೋಮಿನ ಪ್ಲಗ್ ನೀವೇ ಒಯ್ಯಿರಿ. .22ರ ಸದ್ದು ಸಣ್ಣದು ಅಂತ ಬಿಡುವವರಿದ್ದಾರೆ. ಸಾಲಾಗಿ ಎಂಟು ರೈಫಲ್ ಒಟ್ಟಿಗೆ ಹಾರುವಾಗ ಅದು ಸಣ್ಣದಲ್ಲ. ಪ್ಲಗ್ಗನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈ ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲೆ-ಹಿಂದೆ ಎಳೆದು ಒಳಗೆ ತೂರಿಸಿ, ಅರಳುವ ತನಕ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಅಲ್ಲಿ ಇಯರ್‌ಮಫ್ ಕೊಟ್ಟರೂ ಕನ್ನಡಕದ ಕಡ್ಡಿ ಅದನ್ನು ಎತ್ತಿ ಸಂದು ಬಿಡುತ್ತದೆ, ಆದ್ದರಿಂದ ಒಳಗೆ ಪ್ಲಗ್ ಇರಲೇಬೇಕು.

ಮೈದಾನದ ಶಿಸ್ತು. ಕೆಂಪು ಬಾವುಟ ಹಾರುತ್ತಿದ್ದರೆ ಗುಂಡು ಹಾರುತ್ತಿದೆ ಎಂದರ್ಥ. ಆಜ್ಞೆಗಳು ಹೆಚ್ಚಾಗಿ ಇಂಗ್ಲಿಷ್ ಅಥವಾ ಹಿಂದಿ: ಲೋಡ್ ಅಥವಾ ಭರ್, ಫೈರ್, ಸ್ಟಾಪ್, ಅನ್‌ಲೋಡ್ ಅಥವಾ ಖಾಲಿ ಕರ್. ಹೇಳುವ ತನಕ ಬೋಲ್ಟ್ (ತೋಟೆಯ ಕೋಣೆ ಮುಚ್ಚುವ, ಹಿಂದೆ ಮುಂದೆ ಎಳೆಯುವ ಅಗುಳಿ) ಹಿಂದೆ, ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ಹೊರಗೆ, ಬೆರಳು ಟ್ರಿಗರ್ ಗಾರ್ಡಿನ ಹೊರಗೆ ನೇರ. ನಳಿಕೆ ಯಾವಾಗಲೂ ಗುರಿಯ ದಿಬ್ಬದ ಕಡೆ. ಏನಾದರೂ ಕೇಳಬೇಕಾದರೆ ರೈಫಲ್ ನೆಲಕ್ಕಿಟ್ಟು ಕೈ ಎತ್ತಿ. ರೈಫಲ್ ಹಿಡಿದೇ ಹಿಂತಿರುಗಿ ಮಾತಾಡಿದರೆ ಉಸ್ತಾದ್ (ಕಲಿಸುವವರು) ಬೈಯುತ್ತಾರೆ, ಬೈಯಲೇಬೇಕು. ‘ಸ್ಟಾಪ್’ ಎನ್ನುವ ಅಧಿಕಾರ ಮಾತ್ರ ಮೈದಾನದಲ್ಲಿರುವ ಪ್ರತಿಯೊಬ್ಬರಿಗೂ ಇದೆ. ದನ ಅಡ್ಡ ಬಂದರೂ ಕೂಗಿ.

ಟ್ರಿಗರ್ ಎಳೆದಾಗ ‘ಟಿಕ್’ ಎಂದು ಗುಂಡು ಹಾರದಿದ್ದರೆ ಬೋಲ್ಟ್ ತೆಗೆಯಬೇಡಿ. ನಳಿಕೆ ಗುರಿಯ ಕಡೆಗೇ ಇಟ್ಟು 30 ಸೆಕೆಂಡು ಕಾಯಿರಿ, ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ಉಸ್ತಾದರನ್ನು ಕರೆಯಿರಿ. .22 ತೋಟೆಯಲ್ಲಿ ಸಿಡಿಮದ್ದು ಇರುವುದು ಬುಡದ ಅಂಚಿನ ಸುತ್ತ. ಅಲ್ಲೊಂದು ಕಡೆ ಮದ್ದು ಹರಡಿಕೊಳ್ಳದೆ ಪಿನ್ನು ಅಲ್ಲಿಗೇ ಬಡಿದರೆ ಹೀಗಾಗುತ್ತದೆ. ಸದ್ದು ಎಂದಿಗಿಂತ ಮೆತ್ತಗೆ ‘ಪುಸ್’ ಎಂದು ಬಂದು, ಗುರಿಯ ಹಾಳೆಯಲ್ಲಿ ತೂತು ಕಾಣದಿದ್ದರೆ ಇನ್ನೂ ಗಂಭೀರ. ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು, ಹಿಂದಿನಿಂದ ಇನ್ನೊಂದು ಬಿಟ್ಟರೆ ನಳಿಕೆ ಉಬ್ಬುತ್ತದೆ. ಅಲ್ಲಿಗೇ ನಿಲ್ಲಿಸಿ.

ಕೊನೆಗೊಂದು ಮಾತು. ಹೊರಡುವಾಗ ಕಿಸೆ, ಚೀಲದ ಮೂಲೆ, ಮಡಚಿದ ತೋಳು ಎಲ್ಲ ತಡಕಿ ನೋಡಿ. ಲೈಸೆನ್ಸ್ ಇಲ್ಲದವರ ಬಳಿ ಒಂದೇ ಒಂದು ಜೀವಂತ ತೋಟೆ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಖೋಕಾವನ್ನೂ ನೆನಪಿಗೆಂದು ಒಯ್ಯುವಂತಿಲ್ಲ, ಅಲ್ಲಿ ಕೊಟ್ಟ ತೋಟೆಗೂ ಮರಳಿದ ಖೋಕಾಕ್ಕೂ ಲೆಕ್ಕ ತಾಳೆ ಆಗಬೇಕು.

ಅಳವೆ, ಕುಮಟಾ

ಕಣ್ಣಿನ ವಿಷಯಕ್ಕೆ ಬರುತ್ತೇನೆ. ಡಾಕ್ಟರು ‘ಜೋರು’ ಎಂದದ್ದು ನಂಬರಿನ ಲೆಕ್ಕದಲ್ಲಿ ಇರಬಹುದು. ಗುರಿಗೆ ಬೇಕಾದದ್ದು ಮಿದುಳು ಯಾವ ಕಣ್ಣನ್ನು ನಂಬುತ್ತದೆ ಎಂಬುದು, ಅದು ಬೇರೆ. ಮನೆಯಲ್ಲೇ ಪರೀಕ್ಷಿಸಿ: ಎರಡೂ ಕೈ ಉದ್ದಕ್ಕೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ತಂದು ನಡುವೆ ರೂಪಾಯಿ ನಾಣ್ಯದಷ್ಟು ಸಂದು ಬಿಡಿ. ಎರಡೂ ಕಣ್ಣು ತೆರೆದು ಆ ಸಂದಿನಲ್ಲಿ ದೂರದ ಅಡಕೆ ಮರದ ಒಂದು ಗೊನೆಯನ್ನು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಗೊನೆ ಸಂದಿನಲ್ಲೇ ಉಳಿಯುತ್ತದೋ ಅದು ನಿಮ್ಮ ಗುರಿಗಣ್ಣು. ಮೂರು ನಾಲ್ಕು ಸಲ ಮಾಡಿ, ಪ್ರತಿ ಸಲವೂ ಒಂದೇ ಉತ್ತರ ಬರಬೇಕು.

ಪ್ರತಿ ಸಲವೂ ಎಡಗಣ್ಣೇ ಬಂದರೆ ನನ್ನ ಸಲಹೆ: ಎಡ ಭುಜಕ್ಕೆ ಇಟ್ಟು ಕಲಿಯಿರಿ. ನೀವು ಹೊಸಬರು, ಬಲಭುಜದ ಚಟ ಇನ್ನೂ ಹತ್ತಿಲ್ಲ. ತೊಂದರೆ ಒಂದೇ, ಬೋಲ್ಟಿನ ಹಿಡಿ ಬಲಗಡೆ ಇರುತ್ತದೆ. ಆಸರೆ ಕೊಟ್ಟ ಬಲಗೈಯನ್ನೇ ಬಿಡಿಸಿ ಬೋಲ್ಟ್ ಎಳೆಯಬೇಕು. ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಹೊಡೆಯುವಾಗ ಇದು ಕಷ್ಟವಲ್ಲ. ಶನಿವಾರ ಬೆಳಿಗ್ಗೆ ಹೆಸರು ಬರೆಸುವಾಗಲೇ ಉಸ್ತಾದರಿಗೆ ಹೇಳಿ. ಸಾಲಿನ ಎಡತುದಿಯ ಜಾಗ ಕೊಟ್ಟರೆ ಪಕ್ಕದವರಿಗೆ ಮುಖ ಮಾಡಿ ಮಲಗುವ ಗೊಂದಲ ಇರುವುದಿಲ್ಲ.

ಎಡ ಭುಜ ಒಗ್ಗದಿದ್ದರೆ ಬಲ ಭುಜಕ್ಕಿಟ್ಟು ಎಡಗಣ್ಣಿನ ಎದುರು ಕನ್ನಡಕದ ಗಾಜಿಗೆ ಹಾಲುಬಣ್ಣದ ಸೆಲ್ಲೋಟೇಪು ಹಚ್ಚಿ, ಬೆರಳಗಲ ಸಾಕು. ಕಪ್ಪು ಕಾಗದ ಬೇಡ, ಆ ಕಣ್ಣಿಗೆ ಕತ್ತಲಾದರೆ ಎರಡೂ ಕಣ್ಣಿನ ಪಾಪೆ ಹಿಗ್ಗುತ್ತದೆ, ಸೈಟು (ಗುರಿ ಹಿಡಿಯಲು ಬಂದೂಕಿನ ಮೇಲಿರುವ ಕಡ್ಡಿ, ಸೀಳು) ಮಸುಕಾಗುತ್ತದೆ. ಕಣ್ಣು ಕಿವುಚಿ ಮುಚ್ಚುವುದೂ ಬೇಡ. ಹತ್ತು ಗುಂಡಾಗುವಾಗ ಮುಖದ ಸ್ನಾಯು ನಡುಗಲು ಹತ್ತುತ್ತದೆ.

ಕನ್ನಡಕದ ಇನ್ನೊಂದು ಪೀಕಲಾಟ. ಮಲಗಿ ಕೆನ್ನೆ ಊರಿದಾಗ ತಲೆ ಮುಂದೆ ಬಾಗುತ್ತದೆ, ನೀವು ಗಾಜಿನ ನಡುವಿನಿಂದಲ್ಲ, ಮೂಗಿನ ಕಡೆಯ ಮೇಲಿನ ಮೂಲೆಯಿಂದ ನೋಡುತ್ತೀರಿ. ಸಣ್ಣ ಫ್ಯಾಶನ್ ಗಾಜಾದರೆ ಅಂಚೇ ಅಡ್ಡ ಬರುತ್ತದೆ. ಹಳೆಯ ದೊಡ್ಡ ಕನ್ನಡಕ ಇದ್ದರೆ ಅದನ್ನೇ ತನ್ನಿ, ಜಾರದಂತೆ ಹಿಂದೆ ದಾರ ಕಟ್ಟಿ. ಸೆಕೆಗೆ ಗಾಜು ಮಂಜಾಗುತ್ತದೆ, ಒರೆಸಲು ಒಣ ಹತ್ತಿ ಬಟ್ಟೆ ಇರಲಿ.

ತೋಟದಂಚು, ಶಿರಸಿ

ಪರೀಕ್ಷೆ ಮಾಡಿದೆ, ಪ್ರತಿ ಸಲವೂ ಎಡಗಣ್ಣೇ. ಹಾಗಾದರೆ ಎಡ ಭುಜ. ಇನ್ನೊಂದು: ಗುರಿ, ಮುಂದಿನ ಸೈಟು, ಹಿಂದಿನ ಸೈಟು, ಮೂರನ್ನೂ ಒಟ್ಟಿಗೆ ಸ್ಪಷ್ಟ ನೋಡುವುದು ಹೇಗೆ? ಏರ್‌ಗನ್ ಹಿಡಿದು ನೋಡಿದರೆ ಒಂದಲ್ಲ ಒಂದು ಮಸುಕು.

ಅಳವೆ, ಕುಮಟಾ

ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕಣ್ಣು ಒಂದು ದೂರಕ್ಕೆ ಮಾತ್ರ ಹೊಂದುತ್ತದೆ. ಮುಂದಿನ ಸೈಟಿನ ಕಡ್ಡಿ ಸ್ಪಷ್ಟ ಇರಬೇಕು, ಗುರಿಯ ಕಪ್ಪು ವೃತ್ತ ಮಸುಕಾಗಿರಲಿ.

ಯಾಕೆ ಅಂದರೆ ಲೆಕ್ಕ ನೋಡಿ. ಎರಡು ಸೈಟುಗಳ ನಡುವೆ 60 ಸೆಂ.ಮೀ. ಅಂತರ ಅಂತ ಇಟ್ಟುಕೊಳ್ಳಿ. ಮುಂದಿನ ಕಡ್ಡಿ ಹಿಂದಿನ ಸೀಳಿನ ನಡುವಿನಿಂದ 1 ಮಿ.ಮೀ. ಸರಿದರೆ 25 ಮೀಟರಿನಲ್ಲಿ ಗುಂಡು 4 ಸೆಂ.ಮೀ.ಗೂ ಹೆಚ್ಚು ಸರಿಯುತ್ತದೆ, 50 ಮೀಟರಿನಲ್ಲಿ 8 ಸೆಂ.ಮೀ. ದಾಟುತ್ತದೆ. ಅದೇ ಎರಡು ಸೈಟೂ ನೆಟ್ಟಗಿದ್ದು ಇಡೀ ರೈಫಲ್ 1 ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ, ಹಾಳೆಯಲ್ಲಿ ಗೊತ್ತೂ ಆಗುವುದಿಲ್ಲ. ಹೊಸಬರು ಇದನ್ನು ತಿರುಗುಮುರುಗು ಮಾಡಿ, ಕಪ್ಪು ವೃತ್ತವನ್ನೇ ದುರುಗುಟ್ಟಿ ನೋಡುತ್ತ ಸೈಟು ಮರೆಯುತ್ತಾರೆ.

ಕಡ್ಡಿಯ ತಲೆ ಕಪ್ಪು ವೃತ್ತದ ಬುಡಕ್ಕೆ ತಾಗಬೇಕೋ ನಡುವಿಗೆ ಬರಬೇಕೋ ಎಂಬುದು ಆ ರೈಫಲ್ಲನ್ನು ಹೇಗೆ ಹೊಂದಿಸಿದ್ದಾರೆ ಎಂಬುದರ ಮೇಲೆ. ಮೊದಲ ಗುಂಡಿಗೆ ಮುಂಚೆ ಕೇಳಿ.

ಸದಾಶಿವಗಡ

ಅದಕ್ಕೆ ಸೇರಿಸುತ್ತೇನೆ. ಸೈಟಿಗಿಂತ ಮೊದಲು ಮೈ. ಮಲಗಿ ಗುರಿ ಹಿಡಿದ ಮೇಲೆ ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಮೈ ಸಡಿಲಿಸಿ, ಕಣ್ಣು ತೆರೆಯಿರಿ. ಸೈಟು ಈಗ ಎಲ್ಲಿದೆಯೋ ಅದೇ ನಿಮ್ಮ ಮೈ ತಾನಾಗಿ ತೋರಿಸುವ ಜಾಗ. ಅದು ಗುರಿಯ ಬಲಕ್ಕಿದ್ದರೆ ಕೈಯಿಂದ ದೂಡಿ ತರಬೇಡಿ. ದೂಡಿದರೆ ಟ್ರಿಗರ್ ಎಳೆಯುವ ಕ್ಷಣಕ್ಕೆ ಸ್ನಾಯು ಸಡಿಲಾಗಿ ಬಲಕ್ಕೇ ಮರಳುತ್ತದೆ. ಆಸರೆ ಕೈಯ ಮೊಣಕೈಯನ್ನು ಗೂಟದಂತೆ ಊರಿ, ಅದರ ಸುತ್ತ ಸೊಂಟ ಕಾಲು ಸರಿಸಿ. ಮೇಲೆ ಕೆಳಗೆ ಬೇಕಾದರೆ ಮೊಣಕೈ ಅಲ್ಲೇ ಇಟ್ಟು ಮೈಯನ್ನು ತುಸು ಮುಂದೆ ಸರಿಸಿದರೆ ನಳಿಕೆ ಕೆಳಗಿಳಿಯುತ್ತದೆ, ಹಿಂದೆ ಸರಿಸಿದರೆ ಏರುತ್ತದೆ. ಮತ್ತೆ ಕಣ್ಣು ಮುಚ್ಚಿ ತೆರೆದು ನೋಡಿ. ಪ್ರತಿ ಪಾಳಿಯ ಮೊದಲ ಒಂದು ನಿಮಿಷ ಇದಕ್ಕೇ ಕೊಡಿ.

ಉಸಿರು: ಬಿಟ್ಟಾದ ಮೇಲೆ ಮುಂದಿನದು ಎಳೆಯುವ ಮೊದಲು ತಾನಾಗಿ ಒಂದು ಬಿಡುವು ಇರುತ್ತದಲ್ಲ, ಅದನ್ನು ಐದಾರು ಸೆಕೆಂಡು ಹಿಗ್ಗಿಸಿ ಆ ಹೊತ್ತಿನಲ್ಲಿ ಹೊಡೆಯಿರಿ. ಎಂಟು ಸೆಕೆಂಡು ದಾಟಿತೋ, ಬೆರಳು ತೆಗೆದು ಉಸಿರಾಡಿ ಮೊದಲಿನಿಂದ ಶುರುಮಾಡಿ. ಟ್ರಿಗರ್ ಮೇಲೆ ಬೆರಳಿನ ಮೊದಲ ಗಿಣ್ಣಿನ ಮೆತ್ತೆ ಇರಲಿ, ಮಡಿಕೆ ಅಲ್ಲ. ನೇರ ಹಿಂದಕ್ಕೆ, ಹಾರುವ ಕ್ಷಣ ನಿಮಗೇ ಗೊತ್ತಾಗದ ಹಾಗೆ ಒತ್ತುತ್ತ ಹೋಗಿ. ಹಾರಿದ ಮೇಲೂ ಒಂದೆರಡು ಸೆಕೆಂಡು ಬೆರಳು ಬಿಡದೆ, ತಲೆ ಎತ್ತದೆ ಸೈಟು ನೋಡುತ್ತಿರಿ. .22ಕ್ಕೆ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಹೆದರಿಸುವುದು ಸದ್ದು ಮಾತ್ರ. ಸದ್ದಿಗೆ ಮೊದಲೇ ಭುಜ ಬಿಗಿಯುವ ಚಟ ನಿಮಗೆ ಕಾಣಿಸುವುದಿಲ್ಲ, ಪಕ್ಕದಲ್ಲಿ ಕೂತವರಿಗೆ ಕಾಣುತ್ತದೆ. ಕೆಲವು ತೋಟೆಗಳ ನಡುವೆ ಖಾಲಿ ಖೋಕಾ ಒಂದನ್ನು ನಿಮಗೆ ಗೊತ್ತಾಗದಂತೆ ಹಾಕಿಕೊಡಲು ಉಸ್ತಾದರಿಗೆ ಹೇಳಿ. ‘ಟಿಕ್’ ಎಂದಾಗ ನಳಿಕೆಯ ತುದಿ ಕೆಳಗೆ ಕುಕ್ಕಿದರೆ ಸಿಕ್ಕಿಬಿದ್ದಿರಿ.

ಮರಳುಚೀಲ ಕೊಟ್ಟರೆ ನಳಿಕೆಯನ್ನಲ್ಲ, ಕೆಳಗಿನ ಮರದ ಭಾಗವನ್ನು ಅದರ ಮೇಲಿಡಿ. ನಳಿಕೆ ತಾಗಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ.

ಕಾಳಿನದಿ

ಎಲ್ಲ ಸರಿ, ಆದರೆ ಹಾಳೆ ಓದುವುದನ್ನು ಯಾರೂ ಹೇಳಲಿಲ್ಲ. ಮೊದಲ ದಿನ ಅಂಕ ಎಣಿಸಬೇಡಿ. ಐದು ಗುಂಡು ಎಲ್ಲಿ ಬಿದ್ದರೂ ಸರಿ, ಒತ್ತೊತ್ತಾಗಿ ಬೀಳಲಿ. ನಡುವಿಗೆ ತರುವುದು ಸೈಟಿನ ಕೆಲಸ, ಒತ್ತಾಗಿ ಬೀಳಿಸುವುದು ನಿಮ್ಮದು. ಮೊದಲ ಗುಂಡು ಎಡಕ್ಕೆ ಬಿತ್ತೆಂದು ಎರಡನೆಯದಕ್ಕೆ ಬಲಕ್ಕೆ ಗುರಿಯಿಟ್ಟರೆ ಐದೂ ಚೆಲ್ಲಾಪಿಲ್ಲಿ, ಸೈಟು ತಪ್ಪೋ ನೀವು ತಪ್ಪೋ ಯಾರಿಗೂ ತಿಳಿಯದು.

ತೂತುಗಳು ಮೇಲಿಂದ ಕೆಳಕ್ಕೆ ಸಾಲಾಗಿದ್ದರೆ ಉಸಿರಾಡುತ್ತ ಹೊಡೆದಿದ್ದೀರಿ. ಅಡ್ಡ ಸಾಲಾಗಿದ್ದರೆ ಮೈ ಗುರಿಗೆ ನೇರ ಇಲ್ಲ, ಅಥವಾ ಮೊಣಕೈ ಜಾರುತ್ತಿದೆ. ಎರಡು ಗುಂಪಾಗಿದ್ದರೆ ನಡುವೆ ಎದ್ದು ಮಲಗಿದ್ದೀರಿ ಅಥವಾ ಕೆನ್ನೆ ಊರುವ ಜಾಗ ಬದಲಾಗಿದೆ. ನಾಲ್ಕು ಒಟ್ಟಿಗಿದ್ದು ಒಂದು ಕೆಳಗೆ ಪಕ್ಕಕ್ಕೆ ಹೋಗಿದ್ದರೆ ಆ ಒಂದಕ್ಕೆ ಟ್ರಿಗರ್ ಜಗ್ಗಿದ್ದೀರಿ. ಗುಂಪು ಒತ್ತಾಗಿದ್ದು ನಡುವಿನಿಂದ ದೂರ ಇದ್ದರೆ ಸಂತೋಷಪಡಿ, ಆಗ ಮಾತ್ರ ಸೈಟು ಮುಟ್ಟಬೇಕು. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ಕಡೆಗೇ ಸರಿಸಬೇಕು, ಮುಂದಿನದಾದರೆ ವಿರುದ್ಧ ಕಡೆಗೆ.

ಭಾನುವಾರ 50 ಮೀಟರ್ ಇದೆಯೆಂದಿರಿ. ಅಂತಾರಾಷ್ಟ್ರೀಯ ಅಳತೆಯ 50 ಮೀಟರ್ ಹಾಳೆಯಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ., ಮುಂದಿನ ಪ್ರತಿ ಗೆರೆ 8 ಮಿ.ಮೀ. ಹೊರಗೆ. ಪ್ಯಾರಿಸ್ 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಈ ಹಾಳೆಯ ಮೇಲೆಯೇ, ಮಂಡಿಯೂರಿ, ಮಲಗಿ, ನಿಂತು ಮೂರೂ ಭಂಗಿಯಲ್ಲಿ. ನಿಮ್ಮ ಮೈದಾನದಲ್ಲಿ ಹಾಳೆ ಬೇರೆ ಇರಬಹುದು, ಗಾಳಿ ಮಾತ್ರ ಅದೇ. ಕಾರವಾರದಲ್ಲಿ ಬೆಳಿಗ್ಗೆ ಸ್ತಬ್ಧ, ಹೊತ್ತೇರಿದ ಹಾಗೆ ಕಡಲಗಾಳಿ ಏಳುತ್ತದೆ, ಮಧ್ಯಾಹ್ನ ಜೋರು. ತಾಸಿಗೆ 15 ಕಿ.ಮೀ. ಅಡ್ಡಗಾಳಿಯಾದರೆ .22 ಗುಂಡನ್ನು 50 ಮೀಟರಿನಲ್ಲಿ ಎರಡು ಮೂರು ಸೆಂ.ಮೀ. ತಳ್ಳುತ್ತದೆ, ಅಂದರೆ ಮೂರು ಗೆರೆ ಹೋಯಿತು. 25 ಮೀಟರಿನಲ್ಲಿ ಅದರ ಕಾಲುಭಾಗದಷ್ಟೇ. ಆದ್ದರಿಂದ ಶನಿವಾರದ ಗುಂಪು ಭಾನುವಾರ ಮಧ್ಯಾಹ್ನ ಪಕ್ಕಕ್ಕೆ ಸರಿದರೆ ಸೈಟು ತಿರುಗಿಸಲು ಹೋಗಬೇಡಿ, ಕೆಂಪು ಬಾವುಟ ನೋಡಿ. ಅದು ಇಳಿಬಿದ್ದಾಗ ಹೊಡೆಯಿರಿ, ಸಮಯ ಇದ್ದರೆ.

ಎಡ ಭುಜದ ಬಗ್ಗೆ ನನ್ನದು ಸ್ವಲ್ಪ ಭಿನ್ನಮತ. ರೈಫಲ್ಲಿನ ಬೆಲ್ಟನ್ನು ಆಸರೆ ತೋಳಿಗೆ ಕಟ್ಟಿ, ಮರಳುಚೀಲ ಇಲ್ಲದೆ ಹೊಡೆಸುವ ಶಿಬಿರವಾದರೆ ಪ್ರತಿ ಗುಂಡಿಗೂ ಆಸರೆ ಕೈ ಬಿಟ್ಟು ಬೋಲ್ಟ್ ಎಳೆಯುವುದರಿಂದ ಭಂಗಿ ಪ್ರತಿ ಸಲ ಕೆಡುತ್ತದೆ. ಆಗ ಬಲ ಭುಜ, ಟೇಪು ಹಚ್ಚಿದ ಕನ್ನಡಕ ವಾಸಿ. ಟೇಪಿನ ತುಂಡು ಚೀಲದಲ್ಲಿರಲಿ.

ಸಿದ್ದಾಪುರ ಸೀಮೆ

ನಾಲ್ಕನೆಯ ಪ್ರಶ್ನೆ ಬಾಕಿ ಉಳಿಯಿತು ಅಕ್ಕಾ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಹೊಸದಾಗಿ ಲೈಸೆನ್ಸ್ ಕೇಳುವವರು ಬಂದೂಕು ಸುರಕ್ಷತಾ ತರಬೇತಿ ಮುಗಿಸಿರಬೇಕು. ನಿಮ್ಮ ಶಿಬಿರದ ಪ್ರಮಾಣಪತ್ರದಲ್ಲಿ ಬರೇ ‘ಭಾಗವಹಿಸಿದ್ದಾರೆ’ ಎಂದಿದ್ದರೆ ಪ್ರಯೋಜನ ಕಡಿಮೆ. ಸುರಕ್ಷಿತವಾಗಿ ಹಿಡಿಯುವುದು, ಒಯ್ಯುವುದು, ಇಡುವುದು ಕಲಿಸಿದ್ದರ ಉಲ್ಲೇಖ ಬೇಕು. ಹೋಗುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ಅದು ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಹೇಗೂ ಕಾರವಾರಕ್ಕೇ ಹೋಗುವವರು, ಶುಕ್ರವಾರವೇ ದೇವಿಮನೆ ಘಟ್ಟ ಇಳಿದರೆ ಕಚೇರಿ ಮುಚ್ಚುವುದರೊಳಗೆ ಒಂದು ಸುತ್ತು ಆಗುತ್ತದೆ, ಶನಿವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಬಸ್ಸು ಹತ್ತುವುದೂ ತಪ್ಪುತ್ತದೆ.

ಮಾವನವರು ಇರುವಾಗಲೇ ವರ್ಗಾಯಿಸಬೇಕಾದರೆ ಅವರಿಗೆ 70 ವರ್ಷ ಆಗಿರಬೇಕು, ಇಲ್ಲವೇ ಆ ಕೋವಿ ಅವರ ಹೆಸರಲ್ಲಿ 25 ವರ್ಷ ಇದ್ದಿರಬೇಕು. ವಾರಸುದಾರರ ಪಟ್ಟಿಯಲ್ಲಿ ಸೊಸೆಯೂ ಬರುತ್ತಾಳೆ. ಉಳಿದ ವಾರಸುದಾರರ ತಕರಾರಿಲ್ಲದ ಪತ್ರ ಮೊದಲೇ ಮಾಡಿಸಿಟ್ಟುಕೊಂಡರೆ ಓಡಾಟ ಕಡಿಮೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 5 ವರ್ಷ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಪರವಾನಗಿ ಅಲ್ಲ, 1972ರ ವನ್ಯಜೀವಿ ಕಾಯ್ದೆ ತೋಟದ ಬೇಲಿಯ ಒಳಗೂ ನಡೆಯುತ್ತದೆ. ಚುನಾವಣೆ ಘೋಷಣೆಯಾಗಿ ಆದೇಶ ಬಂದರೆ ಕೋವಿ ಠಾಣೆಯಲ್ಲಿಟ್ಟು ರಸೀತಿ ತೆಗೆದುಕೊಳ್ಳಬೇಕು, ಆ ರಸೀತಿ ಕಳೆಯಬೇಡಿ.

ಕೇಪಿನ ಕೋವಿಗೂ ಅಲ್ಲಿ ಕಲಿಯುವ .22ಗೂ ತುಂಬ ವ್ಯತ್ಯಾಸ. ಅದರಲ್ಲಿ ಬಾಯಿಂದ ಮದ್ದು ತುಂಬುವುದು, ಈಡು (ಮದ್ದು, ಗುಂಡು) ತುಂಬಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಗಜವನ್ನು (ಮದ್ದು ಜಡಿಯುವ ಕೋಲು) ಖಾಲಿ ನಳಿಕೆಯಲ್ಲಿ ಇಳಿಸಿ ಬಾಯಿಯ ಮಟ್ಟಕ್ಕೆ ಒಂದು ಗುರುತು ಮಾಡಿಟ್ಟುಕೊಳ್ಳಿ. ಮುಂದೆ ಎಂದಾದರೂ ಗಜ ಇಳಿಸಿದಾಗ ಗುರುತು ಮೇಲೆ ನಿಂತರೆ ಒಳಗೆ ಈಡಿದೆ. ಕರಿಮದ್ದಿನ ಮಸಿ ನೀರು ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು. ಎಣ್ಣೆ ಮಾತ್ರ ಸಾಲದು. ಮೊದಲು ಬಿಸಿನೀರಿನಿಂದ ತೊಳೆದು, ಒಣ ಬಟ್ಟೆ ಬಿಳಿ ಬರುವ ತನಕ ಒರೆಸಿ, ನಳಿಕೆ ಬೆಚ್ಚಗಿರುವಾಗಲೇ ಎಣ್ಣೆ. ಗವಸಿನೊಳಗೆ ಮುಚ್ಚಿಡಬೇಡಿ, ಬಟ್ಟೆ ತೇವ ಹಿಡಿಯುತ್ತದೆ.

ಸದಾಶಿವಗಡ

ಒಂದು ಬಿಟ್ಟುಹೋಯಿತು. ಶಿಬಿರದಲ್ಲಿ ಬಿಡುವಿದ್ದಾಗ ಖಾಲಿ .22ರಲ್ಲಿ ಟ್ರಿಗರ್ ಅಭ್ಯಾಸ ಮಾಡುವುದಿದ್ದರೂ ಕೇಳಿಯೇ ಮಾಡಿ. ಕೆಲವು .22ಗಳಲ್ಲಿ ತೋಟೆ ಇಲ್ಲದಿದ್ದರೆ ಪಿನ್ನು ಚೇಂಬರಿನ ಅಂಚಿಗೇ ಬಡಿದು ಅಲ್ಲಿ ತಗ್ಗು ಬೀಳುತ್ತದೆ, ಆಮೇಲೆ ಖೋಕಾ ಸರಾಗ ಹೊರಬರುವುದಿಲ್ಲ. ಹಾರಿಸಿದ ಖೋಕಾ ಒಂದನ್ನು ಒಳಗಿಟ್ಟು, ಪ್ರತಿ ಸಲ ತುಸು ತಿರುಗಿಸುತ್ತ ಎಳೆದರೆ ತೊಂದರೆ ಇಲ್ಲ.

ಮತ್ತೆ, .22 ಗುಂಡು ಬರೀ ಸೀಸ. ಊಟಕ್ಕೆ ಮೊದಲು ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ, ಮುಖ ತೊಳೆಯಿರಿ. ಫೈರಿಂಗ್ ಜಾಗದಲ್ಲಿ ಏನೂ ತಿನ್ನಬೇಡಿ, ಬಾಯಿಗೆ ಕವಳವೂ ಬೇಡ. ಆ ಎರಡು ದಿನದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ.